ಐದು ಎಸಳು

"ಒಳಗೆ ಬಾ, ಯಾಕೆ ಹಂಗೆ ನಿಂತುಬಿಟ್ಟೆ?" ಎಂದಳು ಮುದುಕಿ ಮಾತ್ಸು.

ತಾಕಿ ಮೂರು ದಿನದಿಂದ ಹುಡುಕುತ್ತಿದ್ದ ಅಚ್ಚುಚಿತ್ರದ ಹಾಳೆ ಸಿಕ್ಕಿತ್ತು, ಆದರೆ ಪರದೆಯೊಂದಕ್ಕೆ ಅಂಟಿಕೊಂಡು, ತಲೆಕೆಳಗಾಗಿ. ಸತ್ತವರ ತಲೆಯ ಬಳಿ ಮಡಿಸುವ ಪರದೆಯನ್ನು ಬುಡಮೇಲು ನಿಲ್ಲಿಸುವುದು ಪದ್ಧತಿ. ಜಿಂಪಾಚಿ ಮುದುಕ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನ ನೆತ್ತಿಯ ಮೇಲೆ ಪ್ರಭುವಿನ ಮೆರವಣಿಗೆ ಈಟಿ, ಕುದುರೆ, ಪಲ್ಲಕ್ಕಿ ಸಮೇತ ಕಾಲು ಮೇಲೆ ಮಾಡಿಕೊಂಡು ಎದೊ ನಗರಕ್ಕೆ ಹೊರಟಿತ್ತು.

"ಯಾವಾಗ ಹೋದ್ರು, ಅಜ್ಜೀ?"

"ಬೆಳಿಗ್ಗೆ. ಗಂಜಿ ಬಿಸಿ ಮಾಡೋದ್ರೊಳಗೆ."

ತಾಕಿ ಊದುಬತ್ತಿ ಹಚ್ಚಿ ಕೈಮುಗಿದಳು. ಅಳು ಬಂತು, ಅದು ಸತ್ತವನಿಗಾಗಿ ಅಲ್ಲವೆಂದು ಅವಳಿಗೇ ಗೊತ್ತಿತ್ತು.

ನಿಜವಾದ ಪ್ರಭುಗಳ ಲಾಂಛನವನ್ನು ಅಚ್ಚು ಹಾಕಕೂಡದು ಎಂಬ ಕಟ್ಟಳೆ ಅಚ್ಚಿನ ಹಲಗೆ ಕೆತ್ತುವ ಅವಳ ಗಂಡ ಕಿಸಾಬುರೊಗೆ ಗೊತ್ತಿರಲಿಲ್ಲವೇ? ಚಿತ್ರದ ಮೆರವಣಿಗೆಯಲ್ಲಿ ಆಳು ಹೊತ್ತ ಪೆಟ್ಟಿಗೆಗೆ ಆರೆಸಳಿನ ಸುಳ್ಳು ಹೂವನ್ನೇ ಗುರುತು ಹಾಕಿಕೊಂಡಿದ್ದ. ಪ್ರಭುವಿನ ಆಳಾಗಿ ಆ ನಿಜವಾದ ಪೆಟ್ಟಿಗೆಯನ್ನು ಮೂವತ್ತು ವರ್ಷ ಹೊತ್ತ ಈ ಜಿಂಪಾಚಿ ಬಂದು, "ಥೂ, ನಮ್ಮ ಪ್ರಭುವಿನ ಹೂವಿಗೆ ಐದೇ ಎಸಳು ಕಣೋ! ಇದೇನಾ ನಿನ್ನ ಕಸುಬು?" ಎಂದು ನಕ್ಕ. ಹಾಳು ಹೆಮ್ಮೆ, ಗಂಡ ಐದೇ ಕೆತ್ತಿದ. ಈಗ ಹಲಗೆ ಒಲೆಗೆ ಹೋಗಿದೆ. ಮಾರಿದ ನಲವತ್ತು ಹಾಳೆಗಳಲ್ಲಿ ಮೂವತ್ತೊಂಬತ್ತನ್ನು ತಾಕಿ ಕಾಡಿಬೇಡಿ ತಂದು ಸುಟ್ಟಿದ್ದಾಳೆ. ಒಂದು ಸಿಕ್ಕಿಬಿದ್ದರೂ ಗಂಡನಿಗೆ ಐವತ್ತು ದಿನ ಕೈಕೋಳ. ಹೋದ ವರ್ಷ ಪಕ್ಕದ ಬೀದಿಯ ಕೆತ್ತನೆಗಾರ ಕೋಳ ಬಿಚ್ಚಿದ ಮೇಲೆ ಮತ್ತೆ ಉಳಿ ಹಿಡಿಯಲೇ ಇಲ್ಲ.

"ಅಜ್ಜೀ, ಆ ಹಾಳೆ ಕೊಟ್ಬಿಡಿ. ಅಧಿಕಾರಿಗಳು ಮನೆಮನೆ ಹುಡುಕ್ತಾ ಬರ್ತಿದ್ದಾರೆ."

"ಹೆಣದ ಮುಂದೆ ಪರದೆ ಹರೀತೀಯೇನೇ?"

"ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮನೆಯವರ ಕೈ ಹೋದ್ರೆ ನಾವು ಉಳಿಯಲ್ಲ."

ಮಾತ್ಸು ಗಂಡನ ಕಡೆ ನೋಡಿದಳು. "ಆ ಪೆಟ್ಟಿಗೆ ನೋಡಿದಷ್ಟು ಈ ಮನುಷ್ಯ ನನ್ನ ಮುಖಾನೂ ನೋಡ್ಲಿಲ್ಲ" ಎಂದಳು. ಆಮೇಲೆ, ಸತ್ತವನ ತುಟಿ ಒದ್ದೆ ಮಾಡಲು ಇಟ್ಟಿದ್ದ ನೀರಿನ ಬಟ್ಟಲನ್ನು ಇತ್ತ ತಳ್ಳಿದಳು. "ಹೂವು ಒಂದೇ. ಬೇರೇದು ಮುಟ್ಟಬೇಡ."

ತಾಕಿ ಬೆರಳು ಅದ್ದಿ ಪೆಟ್ಟಿಗೆಯ ಮೇಲಿನ ಹೂವನ್ನು ಉಜ್ಜಿದಳು, ಉಗುರಿನಿಂದ ಕೆರೆದಳು. ಹುರುಳಿಕಾಳಿನಷ್ಟು ಒದ್ದೆ ಕಾಗದ ಎದ್ದುಬಂತು. ಆಚೆ ಓಣಿಯಲ್ಲಿ ಯಾರೋ ಬಾಗಿಲು ಬಡಿದರು. ಅವಳು ಕೆಂಡದ ಕಡೆ ತಿರುಗಿದಳು.

"ಸುಡಬೇಡ, ಕೊಡಿಲ್ಲಿ. ಇವನ ಮುಷ್ಟೀಲಿ ಯಾರು ಹುಡುಕ್ತಾರೆ?"

ಮಾತ್ಸು ಹೊದಿಕೆ ಸರಿಸಿದಳು. ಮುದುಕನ ಮುಷ್ಟಿ ಆಗಲೇ ಸೆಟೆದಿತ್ತು. ಇಬ್ಬರೂ ಬಗ್ಗಿ, ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳು ಬಿಡಿಸತೊಡಗಿದರು.