ಮಾರೆವ್ವನ ತಣ್ಣನೆಯ ಊಟ

ಕುಷ್ಟಗಿಯಲ್ಲಿ ಮೈಕ್ರೋವೇವ್ ರಿಪೇರಿ ಬಲ್ಲವನು ನಾನೊಬ್ಬನೇ ಎಂಬ ಸೊಕ್ಕು ನನಗಿತ್ತು. ಅನ್ನಪೂರ್ಣ ಟೀಚರ್ ಮನೆಗೆ ಮೂರನೇ ಸಲ ಹೋದಾಗ ಸಿಟ್ಟೂ ಸೇರಿಕೊಂಡಿತ್ತು. ಹಿಂದೆ ಎರಡು ಸಲವೂ ಗಾಜಿನ ಲೋಟದಲ್ಲಿ ನೀರಿಟ್ಟು ನೋಡಿದ್ದೆ, ಬುಳುಬುಳು ಕುದಿದಿತ್ತು. ಸಂಜೆ ಟೀಚರ್ ತಮ್ಮ ಗಾಜಿನ ಬಟ್ಟಲಲ್ಲಿ ಸಾರು ಇಟ್ಟರೂ ಬಿಸಿಯಾಗುತ್ತಿತ್ತು. ಮಧ್ಯಾಹ್ನ ಒಬ್ಬಳೇ ಇರುವ ಅವರ ಅತ್ತೆ ಮಾರೆವ್ವ ಮಾತ್ರ ಬಿಸಿಯೇ ಆಗುವುದಿಲ್ಲ ಅನ್ನುತ್ತಿದ್ದಳು. ಕೈ ನಡುಗುವ ಆಕೆ ಗ್ಯಾಸ್ ಹಚ್ಚಬಾರದೆಂದೇ ಟೀಚರ್ ಆ ಮೈಕ್ರೋವೇವ್ ತಂದದ್ದು. ಹೋದ ಸಲ ನಾನು, "ನಿಮ್ಮ ಅತ್ತಿಯವರಿಗಿ ಅರಳು-ಮರಳು ಆಗೈತೇನ ನೋಡ್ರಿ," ಎಂದು ದೊಡ್ಡ ಡಾಕ್ಟರನ ಹಾಗೆ, ಆಕೆಗೆ ಕೇಳುವಂತೆಯೇ ಹೇಳಿ ಬಂದಿದ್ದೆ.

ಈ ಸಲ ಪಡಸಾಲೆಯಲ್ಲಿ ಚೀಲ ಕಟ್ಟಿಟ್ಟಿತ್ತು.

"ಅತ್ತೀನ ಹನುಮಸಾಗರಕ್ಕ, ಅವರ ಮಗಳ ಮನಿಗಿ ಕಳಸಾಕತ್ತೀನ್ರಿ," ಎಂದರು ಟೀಚರ್. "ನಾ ಸಾಲಿಗಿ ಹೋದಮ್ಯಾಲ ಇವರು ಏನರ ಮಾಡ್ಕೊಂಡ್ರ ಯಾರು ನೋಡವ್ರು? ಕಡೀಸಲ ಮಷಿನ್ ಒಂದ್ ನೋಡಿಬಿಡ್ರಿ."

ಬಾಗಿಲಲ್ಲಿ ನಿಂತಿದ್ದ ಮಾರೆವ್ವನಿಗೆ ಮನೆ ಬಿಡುವ ಮನಸ್ಸಿರಲಿಲ್ಲ. "ಈ ಮನಿ ಗೋಡಿಗಿ ಮಣ್ಣ ಕಲಸಿದಾಕಿ ನಾನು," ಎಂದಳು. "ತುತ್ತು ಬಿಸಿ ಅನ್ನಕ್ಕ ಸುಳ್ಳ ಹೇಳ್ಲೇನಪ್ಪಾ?"

ಯಾಕೋ ನಾನು, "ನೀವು ಹೆಂಗ ಇಡ್ತೀರಿ, ತೋರಸ್ರೆವ್ವಾ," ಎಂದೆ. ಮೂರು ತಿಂಗಳಿಂದ ಇದನ್ನು ಯಾರೂ ಕೇಳಿರಲಿಲ್ಲ.

ಆಕೆ ಸ್ಟೀಲ್ ಡಬ್ಬಿಗೆ ಅನ್ನ, ಬ್ಯಾಳಿ ಹಾಕಿ, ಮುಚ್ಚಳ ಬಿಗಿದು ಒಳಗಿಟ್ಟಳು. ಅನ್ನ ತೆರೆದಿಟ್ಟರೆ ದೃಷ್ಟಿಯಾಗುತ್ತದೆಂದು ಜೀವಮಾನವಿಡೀ ಮುಚ್ಚಿಟ್ಟವಳು. ದೀಪ ಹತ್ತಿತು, ತಟ್ಟೆ ತಿರುಗಿತು. ಅನ್ನ ತಣ್ಣಗೇ ಇತ್ತು. ಆ ಮಷಿನ್ನಿನ ಕಾವಿನ ಅಲೆ ಗಾಜನ್ನು ದಾಟುತ್ತದೆ, ಸ್ಟೀಲನ್ನು ದಾಟುವುದಿಲ್ಲ. ಇದು ನನಗೆ ಗೊತ್ತು, ಟೀಚರಿಗೂ ಗೊತ್ತು, ಆಕೆಗೆ ಹೇಳಿದವರಿಲ್ಲ. ಹಿಂದೊಮ್ಮೆ ಆಕೆಯ ಕೈಜಾರಿ ಒಂದು ಗಾಜಿನ ಬಟ್ಟಲು ಒಡೆದ ಮೇಲೆ ಉಳಿದವನ್ನು ಟೀಚರ್ ಕೈಗೆಟುಕದಷ್ಟು ಮೇಲೆ ಇಟ್ಟಿದ್ದರು.

ಟೀಚರ್ ಡಬ್ಬಿ ಮುಟ್ಟಿ ನೋಡಿದರು. "ಅತ್ತಿ, ನಂದ ತಪ್ಪಾತ್ರಿ. ಹೋಗೂದು ಬ್ಯಾಡ."

ಮಾರೆವ್ವ ನೆಲಕ್ಕೆ ಕೂತು ಆ ತಣ್ಣನೆಯ ಅನ್ನವನ್ನೇ ಉಂಡಳು. ಕೈ ತೊಳೆದು ಚೀಲ ಎತ್ತಿಕೊಂಡಳು.

"ತಣ್ಣಂದು ಉಂಡಿದ್ದಕ್ಕ ಸಿಟ್ಟಿಲ್ಲವ್ವಾ," ಎಂದಳು. "ನನ್ನ ಮಾತಿಗಿಂತ ನಿನಗ ಮಷಿನ್ ಮ್ಯಾಲ ಭರೋಸ. ಇನ್ನ ನಾ ಏನ ಅಂದ್ರೂ ಯಾರರ ಬಂದು ಖಾತ್ರಿ ಮಾಡಬೇಕು. ಹಂಗ ಇರಾಕ ನನ್ನಿಂದ ಆಗಂಗಿಲ್ಲ."

ನನಗೆ ಬೈದಿದ್ದರೆ ಎದೆ ಹಗುರಾಗುತ್ತಿತ್ತು. ಬಸ್ ಸ್ಟ್ಯಾಂಡಿನವರೆಗೆ ಗಾಡಿಯಲ್ಲಿ ಬಿಡುತ್ತೇನೆಂದೆ.

"ಬ್ಯಾಡಪ್ಪಾ," ಎಂದಳು. "ದಾರಿ ನನಗ ನೆನಪೈತಿ."