ತುತ್ತೂರಿ ಅಕ್ಕನ ರಕ್ತ ಏರಿದ ಕಥೆ

ಬ್ಯಾಂಡ್ ಸೆಟ್ಟಿನಲ್ಲಿ ತುತ್ತೂರಿ ಊದುವ ಅಕ್ಕನಿಗೆ ಎರಡು ತಿಂಗಳಿಂದ ಉಸಿರೇ ಸಾಲುತ್ತಿರಲಿಲ್ಲ. ಅರ್ಧ ಹಾಡಿಗೇ ಏದುಸಿರು. ಮನೆಯ ಮೆಟ್ಟಿಲು ಹತ್ತಿದರೆ ಎದೆ ಡವಡವ. ಬ್ಯಾಂಡುಗಳ ಸ್ಪರ್ಧೆಗೆ ಇನ್ನು ನಾಲ್ಕೇ ತಿಂಗಳು!

ಅಕ್ಕನಿಗೆ ಎಚ್‌ಐವಿ ಇದೆ. ಚಿಕಿತ್ಸೆ ಶುರುವಾಗಿ ಐದು ತಿಂಗಳು. ಎರಡು ಹೊತ್ತೂ ತಪ್ಪದೆ ಮಾತ್ರೆ ನೆನಪಿಸುತ್ತಿದ್ದವರು ಅತ್ತೆ. ಈಗ ಅವರೇ ಡಬ್ಬಿ ಎತ್ತಿಡಲು ಹೊರಟರು.

"ಇದನ್ನ ನುಂಗೋಕೆ ಶುರು ಮಾಡಿದ ಮೇಲೇ ನೀನು ಬಿಳಿಚಿಕೊಂಡಿದ್ದು. ನಿಲ್ಲಿಸ್ಬಿಡು. ರಕ್ತ ಏರೋಕೆ ಕಬ್ಬಿಣದ ಟಾನಿಕ್ ತಂದಿದ್ದೀನಿ, ಕುಡಿ."

"ಕಾಯಿಲೆಯೇ ಜೋರಾಗಿದ್ರೆ, ಅತ್ತೆ?" ಅಕ್ಕನ ಕಣ್ಣು ತುಂಬಿತು. "ನಿಲ್ಲಿಸೋದಾದ್ರೂ ಕೇಳಿಯೇ ನಿಲ್ಲಿಸೋಣ."

ಮರುದಿನ ಇಬ್ಬರೂ ಚಿಕಿತ್ಸಾ ಕೇಂದ್ರಕ್ಕೆ ಹೋದರು. ನರ್ಸಮ್ಮ ಅಕ್ಕನ ಕೆಳರೆಪ್ಪೆ ಎಳೆದು ನೋಡಿದರು. "ರಕ್ತ ಕಮ್ಮಿಯಾಗಿದೆ ಕಣಮ್ಮ. ಕಾರಣ ಏನು ಬೇಕಾದ್ರೂ ಇರಬಹುದು. ವೈರಸ್, ಕ್ಷಯ, ಜಂತುಹುಳು, ಮುಟ್ಟಿನ ರಕ್ತಸ್ರಾವ, ಊಟದ ಕೊರತೆ, ಇಲ್ಲ ಮಾತ್ರೆ. ಊಹೆ ಬೇಡ, ಪರೀಕ್ಷೆ ಮಾಡೋಣ."

ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದ ಕಡೆ ಬರೀ ಏಳು! ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, "ನಿಮ್ಮ ಮಾತ್ರೆಯಲ್ಲಿರೋ ಒಂದು ಔಷಧಿ ನಿಮಗೆ ಒಗ್ಗಿಲ್ಲ. ರಕ್ತ ಇಳಿಸ್ತಿರೋದು ಅದೇ" ಎಂದರು.

ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. "ನಾನು ಬಡ್ಕೊಂಡೆ! ನನ್ನ ಮಾತು ಯಾರು ಕೇಳ್ತಾರೆ?"

"ಅರ್ಧ ಸರಿ ಅಮ್ಮ," ಡಾಕ್ಟರು ನಕ್ಕರು. "ಆದ್ರೆ ಚಿಕಿತ್ಸೆ ನಿಲ್ಲಿಸಿದ್ರೆ ವೈರಸ್ ತಲೆ ಎತ್ತುತ್ತೆ, ರಕ್ತ ಇನ್ನೂ ಇಳಿಯುತ್ತೆ. ನಿಲ್ಲಿಸೋದಲ್ಲ, ಬದಲಾಯಿಸೋದು. ಬೇರೆ ಮಾತ್ರೆ ಕೊಡ್ತೀನಿ."

"ಹಂಗಾದ್ರೆ ನನ್ನ ಟಾನಿಕ್ಕು?"

"ಇವರಿಗೆ ಕಬ್ಬಿಣದ ಕೊರತೆ ಇಲ್ಲ. ಇದ್ದವರಿಗೆ ನಾವೇ ಕೊಡ್ತೀವಿ. ಮಿಕ್ಕಿದೆ ಅಂತ ನೀವು ಕುಡಿದೀರಿ ಮತ್ತೆ!"

ಹೊಸ ಮಾತ್ರೆ ಶುರುವಾಯಿತು. ಒಂದು ತಿಂಗಳಾಗುವಷ್ಟರಲ್ಲಿ ಹಿಮೋಗ್ಲೋಬಿನ್ ಒಂಬತ್ತಕ್ಕೆ ಏರಿತು. ಎರಡನೆಯ ತಿಂಗಳಿಗೆ ಹತ್ತೂವರೆ. ಮೂರನೆಯ ಸಲ ನರ್ಸಮ್ಮ ಚೀಟಿ ನೋಡಿ "ಹನ್ನೆರಡು!" ಎಂದಾಗ ಅತ್ತೆ ಅಲ್ಲೇ ಚಪ್ಪಾಳೆ ತಟ್ಟಿದರು. ಅಕ್ಕನಿಗೆ ನಗುವೋ ಅಳುವೋ ಗೊತ್ತಾಗಲಿಲ್ಲ.

ಸ್ಪರ್ಧೆಯ ದಿನ ಅಕ್ಕ ಮೈದಾನವನ್ನು ಎರಡು ಸುತ್ತು ಊದುತ್ತಲೇ ನಡೆದಳು. ಬಂದದ್ದು ಎರಡನೆಯ ಬಹುಮಾನ. "ತೀರ್ಪುಗಾರರಿಗೆ ಕಿವಿಯೇ ಇಲ್ಲ" ಎಂದು ಅತ್ತೆ ದಾರಿಯುದ್ದಕ್ಕೂ ಬೈದರು.

ಎಚ್‌ಐವಿ ಜೊತೆ ಬದುಕುತ್ತಿರುವವರೇ, ಸುಸ್ತು, ತಲೆಸುತ್ತು, ಏದುಸಿರು ಕಂಡರೆ ಹಣೆಬರಹ ಎಂದು ಕೂರಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಕಾರಣ ಕೇಳಿ ತಿಳಿಯಿರಿ. ರಕ್ತ ಏರುತ್ತದೆ, ಬಲ ಬರುತ್ತದೆ. ಇವತ್ತೇ ಹೊರಡಿ!