ಮಿಕ್ಕ ಚೂರು

ಬೇಸಿಗೆಯ ಕೊನೆ, ಅಂಟು ಬೇಗ ಒಣಗುವ ದಿನಗಳು. ವಸ್ತುಸಂಗ್ರಹಾಲಯದ ರಿಪೇರಿ ಕೋಣೆಯಲ್ಲಿ ಸೊಸೆ ಬೆಳಗಿನಿಂದ ಒಂದೇ ಮಡಕೆಯ ಮುಂದೆ ಕೂತಿದ್ದಳು. ನೆಲ ಅಗೆದಾಗ ಚೂರುಚೂರಾಗಿ ಸಿಕ್ಕಿದ್ದ ಅದನ್ನು ಮೂವತ್ತು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಕೂಡಿಸಿದವರು ಅವಳ ಮಾವ. ಒಂದು ಚೂರು ಮಿಕ್ಕಿತ್ತು. ಅದರ ಜೊತೆ ರಟ್ಟಿನ ಡಬ್ಬಿಯಲ್ಲಿ ಮಾವನ ಅಕ್ಷರದ ಚೀಟಿ: ‘ಜಾಗ ಸಿಗಲಿಲ್ಲ. ಮಡಕೆಗೆ ನನ್ನ ಬಾಕಿ.’

ಜಾಗ ಇವತ್ತು ಸಿಕ್ಕಿತ್ತು. ಒಳಗೆ ಕೈಯಾಡಿಸಿದಾಗ ಕುಂಬಾರನ ಬೆರಳು ಎಳೆದ ಗೆರೆಗಳು ಕಂಠದ ಬಳಿ ಸಾಲು ತಪ್ಪಿದ್ದವು. ಹೊರಗಿನ ಬಣ್ಣ ನೋಡಿ ಮಾವ ಅಲ್ಲಿ ಬೇರೊಂದು ಮಡಕೆಯ ಚೂರು ಕೂರಿಸಿ, ಸಂದಿಗೆ ಗಾರೆ ತುಂಬಿದ್ದರು. ಬಿಚ್ಚಬೇಕು. ಆದರೆ ಕೈ ನಡುಗತೊಡಗಿ ಕೆಲಸ ಬಿಟ್ಟ ಮೇಲೆ ಮಾವನಿಗೆ ಉಳಿದಿದ್ದು ಈ ಮಡಕೆಯ ಮಾತೊಂದೇ. ಅವರಿಗೆ ಹೇಗೆ ಹೇಳುವುದು?

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅವರೇ ಬಂದರು.

“ನಿಮ್ಮತ್ತೆ ಉಪ್ಪು ಮರೆತಿದ್ದಾಳೆ. ನಾನು ಬಾಯಿ ಬಿಟ್ಟಿಲ್ಲ, ನೀನೂ ಬಿಡ್ಬೇಡ.” ಮೇಜು ನೋಡಿ ನಿಂತರು. “ನನ್ನ ಮಡಕೆ ಯಾಕಮ್ಮ ಕಪಾಟಿಂದ ಇಳೀತು?”

“ತಳ ಸೋರುತ್ತೇನೋ ಅಂತ, ಮಾವ...”

“ಎರಡು ಸಾವಿರ ವರ್ಷದಿಂದ ಅದಕ್ಕೆ ನೀರು ತುಂಬಿದೋರು ಯಾರು? ಸುಳ್ಳು ಹೇಳೋಕೂ ಬರಲ್ಲ ನಿಂಗೆ.”

ಅವಳು ಅವರ ಕೈ ಹಿಡಿದು ಮಡಕೆಯೊಳಗೆ ಇಳಿಸಿದಳು. ನಡುಗುತ್ತಲೇ ಸಾಗಿದ ಬೆರಳು ಕಂಠದ ಬಳಿ ನಿಂತಿತು. ಹಿಂದೆ ಸರಿದು ಮತ್ತೆ ಅದೇ ಗೆರೆ ಸವರಿತು.

“ಮೊದಲು ಒಳಗೆ ನೋಡು, ಆಮೇಲೆ ಹೊರಗೆ ಅಂತ ನಿನ್ನ ತಲೆ ತಿಂದವನು ನಾನೇ,” ಎಂದರು.

“ಆಗ ಮ್ಯೂಸಿಯಂ ಉದ್ಘಾಟನೆ ಅವಸರ ಇತ್ತಲ್ಲ, ಮಾವ.”

“ವಕಾಲತ್ತು ಬೇಡ. ಬಿಚ್ಚು.”

ಗಾರೆ ಕೆರೆದು, ಅಂಟು ಕರಗಿಸುವ ಮದ್ದಿನಲ್ಲಿ ಅದ್ದಿದ ಹತ್ತಿಯನ್ನು ಅವಳು ಬೆಸುಗೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಚೂರು ಸದ್ದಿಲ್ಲದೆ ಕೈಗೆ ಬಂತು.

“ಎಷ್ಟು ಸಲೀಸಾಗಿ ಬಿಡ್ತು!”

“ನನ್ನ ನಂತರ ಬರೋರು ಬಿಚ್ಚಲಿ ಅಂತಲೇ ಆ ಅಂಟು ಹಾಕಿದ್ದು. ಹಾಗೆ ಬರೋಳು ನಮ್ಮನೆಗೇ ಬರ್ತಾಳೆ ಅಂತ ಗೊತ್ತಿರ್ಲಿಲ್ಲ.”

ಮಡಕೆಯನ್ನು ಮರಳು ತುಂಬಿದ ತೊಟ್ಟಿಯಲ್ಲಿ ಊರಿದಳು. ಅಂಟು ಕಚ್ಚುವವರೆಗೆ ಯಾರಾದರೂ ಹಿಡಿಯಬೇಕು. ಮಾವ ಅಂಗಿಯ ತೋಳು ಮಡಚಿದರು. ಅವಳು ಅನುಮಾನಿಸುವಷ್ಟರಲ್ಲಿ ಎರಡೂ ಕೈ ಮಣಿಕಟ್ಟಿನವರೆಗೆ ಮರಳಿನಲ್ಲಿ ಹೂತು ಮಡಕೆಯನ್ನು ತಬ್ಬಿದರು. ಮರಳು ಆ ಕೈಗಳನ್ನೂ ಹಿಡಿದುಕೊಂಡಿತು. ನಡುಕ ನಿಂತಿತು. ಅವಳು ಮಿಕ್ಕ ಚೂರನ್ನು ಅದರ ಜಾಗದಲ್ಲಿ ಕೂರಿಸಿದಳು.

“ಆ ಚೀಟಿ ಹರಿದುಹಾಕು.”

“ಇಲ್ಲಿ ಚೀಟಿ ಹರಿಯೋ ಹಾಗಿಲ್ಲ. ನೀವೇ ಮಾಡಿದ ಕಾನೂನು.” ಅವಳು ಅವರ ಅಕ್ಷರದ ಕೆಳಗೆ ‘ಬಾಕಿ ತೀರಿತು’ ಎಂದು ಬರೆದಳು.

ಕೈ ಅಲುಗಿಸದೆ ಮಾವ ಹೇಳಿದರು, “ತಾರೀಖು ಹಾಕು.”